ಬಿದ್ದ ಗರಿ ಯಾರದ್ದು?

ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಬೆಳಗ್ಗೆ ತೋಟದಲ್ಲಿ ನಿಂತು ನನ್ನ ಕೆಲಸವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಎರಡು ಎಕರೆ ತೆಂಗು, ಹೆಚ್ಚುಕಡಿಮೆ ತೊಂಬತ್ತು ಮರ. ಸಾಲುಗಳ ನಡುವೆ ಗರಿಗಳನ್ನು ಕಡಿಸಿ ಒತ್ತಾಗಿ ಹಾಸಿಸಿದ್ದೆ. ನೆಲವೇ ಕಾಣದ ಹಾಗೆ ಮುಚ್ಚಿಗೆ. ಬೆಂಗಳೂರಿನ ಮನೆಯಲ್ಲಿ ಕೂತು ಎರಡು ವರ್ಷ ನೋಡಿದ ವಿಡಿಯೊಗಳ ಫಲ ಅದು. ಅಮ್ಮನಿಗೆ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದೆ: ಇನ್ನು ಮೇಲೆ ಒಂದು ಗರಿಯೂ ತೋಟದಿಂದ ಆಚೆ ಹೋಗಬಾರದು, ತೋಟದಲ್ಲಿ ಹುಟ್ಟಿದ್ದು ತೋಟಕ್ಕೇ ಸೇರಬೇಕು. ಅಮ್ಮ ಹೂಂ ಅಂದಿದ್ದಳು. ಅವಳ ಹೂಂಗೆ ಏನರ್ಥ ಅಂತ ನನಗೆ ಐವತ್ತು ಹತ್ತಿರ ಬಂದರೂ ಗೊತ್ತಾಗಿಲ್ಲ.

ಅಷ್ಟೊತ್ತಿಗೆ ಕಾಲೊನಿಯ ಅಜ್ಜಿ ಬಂದರು. ಕೈಯಲ್ಲಿ ಮಚ್ಚು, ಹೆಗಲ ಮೇಲೆ ಹಗ್ಗ, ತಲೆ ಮೇಲೆ ಆಗಲೇ ಸುತ್ತಿಟ್ಟ ಸಿಂಬಿ. ವಾರಕ್ಕೆ ಎರಡು ಸಲ ಬಂದು ಬಿದ್ದ ಗರಿ ಒಯ್ಯುವುದು ಅವರ ಪದ್ಧತಿ. ಯಾವಾಗ ಶುರುವಾಯಿತು ಅಂತ ಯಾರಿಗೂ ನೆನಪಿಲ್ಲ. ಬೇಲಿ ದಾಟಿ ಬಂದವರು ಹಾಸನ್ನು ನೋಡಿ ನಿಂತುಬಿಟ್ಟರು. ಈ ಕಡೆಯಿಂದ ಆ ಕಡೆಗೆ ಒಂದು ಸಲ ಕಣ್ಣಾಡಿಸಿದರು. ಆಮೇಲೆ ಕೇಳಿದರು, "ಏನ್ ಸಾಮಿ, ಗರಿಯೆಲ್ಲಾ ನೆಲಕ್ಕೆ ಹೊದ್ದಿಸಿದ್ದೀರಿ? ಭೂಮಿಗೆ ಚಳಿಯಾ?"

ನಕ್ಕೆ. ನಕ್ಕು ವಿವರಿಸಿದೆ. ತೇವ ಆರಲ್ಲ, ಎರೆಹುಳು ಬರುತ್ತೆ, ಗೊಬ್ಬರದ ಖರ್ಚು ಉಳಿಯುತ್ತೆ. (ಅಮ್ಮನ ವಾರಿಗೆಯ ಹೆಂಗಸು ನನಗೆ ಸಾಮಿ ಅನ್ನುವುದು, ನಾನು ಅವರಿಗೆ ಭೂಮಿಯ ಬಗ್ಗೆ ಪಾಠ ಮಾಡುವುದು. ಈಗ ಬರೆಯುವಾಗ ಕೈ ತಡವರಿಸುತ್ತದೆ.) ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಒಳ್ಳೇದೇ ಬಿಡಿ" ಅಂದರು. ಸಿಂಬಿ ಬಿಚ್ಚಿ ಕೊಡವಿ, ಅದನ್ನೇ ಸೆರಗಿನ ಹಾಗೆ ಹೆಗಲಿಗೆ ಹಾಕಿಕೊಂಡು ಬರಿಗೈಲಿ ವಾಪಸ್ ಹೋದರು.

ಜಗಳ ಆಗಲಿಲ್ಲ. ಯಾರೂ ಮುಖ ಸಿಂಡರಿಸಲಿಲ್ಲ. ಆದರೂ ಆ ಖಾಲಿ ಹಗ್ಗ ಆವತ್ತಿನಿಂದ ನನ್ನ ತಲೆಯಲ್ಲೇ ನೇತಾಡುತ್ತಿದೆ.

ಒಂದು ತೆಂಗಿನ ಮರ ತಿಂಗಳಿಗೆ ಸುಮಾರು ಒಂದು ಗರಿ ಉದುರಿಸುತ್ತದೆ. ತೊಂಬತ್ತು ಮರಕ್ಕೆ ವರ್ಷಕ್ಕೆ ಸಾವಿರದ ಮೇಲೆ. ದಿನಕ್ಕೆ ಮೂರು. ಒಂದು ಸಣ್ಣ ಮನೆಯ ಒಲೆ ಉರಿಯಲು ದಿನಕ್ಕೆ ಮೂರು ಗರಿ, ಅದರ ಮಟ್ಟೆ, ಜೊತೆಗೆ ಒಂದಿಷ್ಟು ಪುಳ್ಳೆ ಸಿಕ್ಕರೆ ಸಾಕು. ಅಂದರೆ ನಾನು ಅಷ್ಟು ಹೆಮ್ಮೆಯಿಂದ ಹಾಸಿದ್ದು ಏನನ್ನು ಅಂತ ಲೆಕ್ಕ ಹಾಕಿ.

ಸೌದೆ ಬೇರೆ, ಪುಳ್ಳೆ ಬೇರೆ

ನಮ್ಮ ತುಮಕೂರು ಕಡೆ ಉರಿಸುವ ಕಟ್ಟಿಗೆಗೆ ಒಂದೇ ಹೆಸರಿಲ್ಲ. ಸೀಳಿ ಒಟ್ಟಿದರೆ ಸೌದೆ. ನೆಲದಿಂದ ಆಯ್ದರೆ ಪುಳ್ಳೆ. ತೆಂಗಿನದಾದರೆ ಗರಿ, ಮಟ್ಟೆ, ಎಡೆಮಟ್ಟೆ, ಕರಟ, ಪ್ರತಿಯೊಂದಕ್ಕೂ ಒಲೆಯಲ್ಲಿ ಅದರದ್ದೇ ಹೊತ್ತು. ಗರಿ ಭಗ್ಗನೆ ಹತ್ತಿ ಆರುತ್ತದೆ, ಹೊತ್ತಿಸಲು ಅದು. ಮಟ್ಟೆ ನಿಧಾನ, ಮುದ್ದೆ ಬೇಯಲು ಅದು. ಕರಟದ ಕೆಂಡ ಹಂಡೆಯ ಒಲೆಗೆ. ಸೌದೆಗೆ ಒಡೆಯ ಇರುತ್ತಾನೆ. ಅದನ್ನು ತೂಗುತ್ತಾರೆ, ಮಾರುತ್ತಾರೆ. ಪುಳ್ಳೆಗೆ ಒಡೆಯ ಇಲ್ಲ. ಬಗ್ಗಿದವರದ್ದು ಅದು.

ನಮ್ಮಲ್ಲಿ ಸಾಮಾಜಿಕ ಅರಣ್ಯ ಅಂತ ಬಂದಿದ್ದು ಇದೇ ಒಲೆಯ ಹೆಸರಿನಲ್ಲಿ. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ಕೊಟ್ಟ ಸಲಹೆ ಸರಳವಾಗಿತ್ತು. ಹಳ್ಳಿಯವರು ಸೌದೆಗೆ ಕಾಡಿಗೆ ಹೋಗದ ಹಾಗೆ ಹಳ್ಳಿಯಲ್ಲೇ ಮರ ಬೆಳೆಸಿ ಅಂತ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ದುಡ್ಡು, ಬ್ರಿಟಿಷ್ ಸರ್ಕಾರದ ನೆರವು ಎಲ್ಲ ಸೇರಿ ಕರ್ನಾಟಕದಲ್ಲಿ ದೊಡ್ಡ ಯೋಜನೆಯೇ ಆಯಿತು. ಗೋಮಾಳ, ರಸ್ತೆ ಬದಿ, ಕೆರೆ ಅಂಗಳ, ರೈತರ ಹೊಲ, ಎಲ್ಲೆಲ್ಲೂ ಸಸಿ. ಕೆರೆ ಅಂಗಳಕ್ಕೆ ಕರಿಜಾಲಿ, ಮಿಕ್ಕ ಕಡೆ ಮುಕ್ಕಾಲುಪಾಲು ನೀಲಗಿರಿ. ಟಿಪ್ಪು ಕಾಲದಲ್ಲಿ ನಂದಿ ಬೆಟ್ಟಕ್ಕೆ ಬಂದ ಮರ ಅದು, ಮೈಸೂರು ಗಮ್ ಅಂತಲೇ ಹೆಸರು ಪಡೆದದ್ದು. ದನ ಬಾಯಿ ಹಾಕಲ್ಲ, ಕಾವಲು ಬೇಡ, ಕಡಿದರೆ ಮತ್ತೆ ಚಿಗುರುತ್ತೆ. ಯೋಜನೆ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು? ದನಕ್ಕೆ ಬೇಡದ ಮರ ಅನ್ನುವುದೇ ಅದರ ಅರ್ಹತೆ ಆದಾಗ ಯಾರಿಗೂ ಅನುಮಾನ ಬರಲಿಲ್ಲವಾ ಅಂತ ಈಗ ಆಶ್ಚರ್ಯ ಆಗುತ್ತದೆ.

ಆದರೆ ನೀಲಗಿರಿಯನ್ನು ಸುಮ್ನೆ ಬೈದು ಮುಗಿಸಲು ನನಗೆ ಮನಸ್ಸಿಲ್ಲ. ನಮ್ಮೂರ ಗೋಮಾಳದ ತೋಪಿಗೆ ಚಿಕ್ಕವನಿದ್ದಾಗ ಪುಳ್ಳೆ ಆಯುವವರ ಹಿಂದೆ ನಾನೂ ಹೋಗುತ್ತಿದ್ದೆ. ನಮ್ಮ ಮನೆಗೆ ಬೇಕಾಗಿರಲಿಲ್ಲ, ತೋಟ ಇತ್ತಲ್ಲ. ನನಗದು ಆಟ. ಈಗಿನ ಅಜ್ಜಿ ಆಗ ಮೂವತ್ತರ ಹೆಂಗಸು, ನಮ್ಮಲ್ಲಿ ಕೂಲಿಗೆ ಬರುತ್ತಿದ್ದರು. ಮಧ್ಯಾಹ್ನದ ಕೆಲಸ ಮುಗಿಸಿ ನೇರ ತೋಪಿಗೆ. ನೀಲಗಿರಿಯ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದುಕೊಂಡು ಬರುತ್ತದೆ. ಅದನ್ನು ಎಳೆದಾಗ ಬರುವ ಸದ್ದು ಈಗಲೂ ಕಿವಿಯಲ್ಲಿದೆ. ಒಣಗಿದ ಎಲೆಯನ್ನು ಗುಡಿಸಿ ಗೋಣಿಗೆ ತುಂಬುತ್ತಿದ್ದರು. ಎಣ್ಣೆಯ ಎಲೆ, ಒಲೆಯಲ್ಲಿ ಚಟಪಟ ಅನ್ನುತ್ತದೆ. ಕೊಂಬೆಯಿಂದ ಬಿದ್ದ ಪುಳ್ಳೆಯನ್ನು ಮೊಣಕಾಲಿಗೆ ಕೊಟ್ಟು ಮುರಿದು ಹೊರೆ ಕಟ್ಟುವುದು. ಕೆಳಗೆ ಹುಲ್ಲು ಬೆಳೆಯುತ್ತಿರಲಿಲ್ಲ ನಿಜ, ಕುರಿಯವರು ಶಾಪ ಹಾಕುತ್ತಿದ್ದರು ನಿಜ. ಆದರೆ ಒಲೆಗೆ ಆ ಏಳೆಂಟು ವರ್ಷ ತೋಪು ಅನ್ನ ಹಾಕಿತು.

ಆಮೇಲೆ ಹರಾಜಾಯಿತು. ನಾಲ್ಕನೇ ಕ್ಲಾಸಿನಲ್ಲಿದ್ದೆ ಅಂತ ನೆನಪು. ಕೊಡಲಿಯವರು ಬಂದರು, ಲಾರಿಗಳು ಬಂದವು. ಬೊಡ್ಡೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ತೊಗಟೆ ಸುಲಿದು, ಬಿಳಿಯ ಮೂಳೆಗಳ ಹಾಗೆ ಜೋಡಿಸುತ್ತಿದ್ದರು. ಹಿಂದೆ ಹಿಂದೆಯೇ ಹೆಂಗಸರು ತೊಗಟೆ, ತುದಿಕೊಂಬೆ ಆರಿಸಿಕೊಳ್ಳುತ್ತಾ ಸಾಗುತ್ತಿದ್ದರು. ಮೊದಲ ದಿನ ಯಾರೂ ಏನೂ ಅನ್ನಲಿಲ್ಲ. ಎರಡನೇ ದಿನ ಕಂಟ್ರಾಕ್ಟರನ ಕಡೆಯ ಒಬ್ಬ ಹುಡುಗ ಬಂದು, ಕೊಂಬೆಯೂ ಟೆಂಡರಿನಲ್ಲಿ ಸೇರಿದೆ, ಇಳಿಸಿ ಅಂದ. ಕಟ್ಟಿದ ಹೊರೆಗಳನ್ನು ಒಂದೊಂದಾಗಿ ಇಳಿಸಿದರು. ಜಗಳ ಆಡಿದ್ದು ಒಬ್ಬರೇ, ಇದೇ ಅಜ್ಜಿ. "ಬೊಡ್ಡೆ ನಿಮ್ದು, ಉದುರಿದ್ದು ನಮ್ದು" ಅಂದಿದ್ದರು. ಹುಡುಗನಿಗೆ ಆ ಕಾನೂನು ಗೊತ್ತಿರಲಿಲ್ಲ. ಸಂಜೆ ಲಾರಿ ಕೆರೆ ಏರಿ ದಾಟುವವರೆಗೂ ನಾವೆಲ್ಲ ನೋಡುತ್ತಾ ನಿಂತಿದ್ದೆವು. ಊರ ಒಲೆಗಾಗಿ ನೆಟ್ಟ ಮರದಲ್ಲಿ ಊರಿಗೆ ಉಳಿದದ್ದು ಬುಡದ ಕೂಳೆ.

ಕಿತ್ತವರು

ಇದು ನಮ್ಮೂರೊಂದರ ಕಥೆ ಆಗಿರಲಿಲ್ಲ. ಕೋಲಾರದಲ್ಲಿ ರಾಗಿ ಹೊಲಗಳೇ ನೀಲಗಿರಿಗೆ ಹೋದವು. ಕೂಲಿ ಕೊಡುವ ಗೋಜಿಲ್ಲ, ಬಿತ್ತನೆಯ ತಲೆನೋವಿಲ್ಲ, ಲಾರಿ ಮನೆ ಬಾಗಿಲಿಗೇ ಬರುತ್ತದೆ. ಜಮೀನಿದ್ದವರಿಗೆ ಸುಖ. ರಾಗಿ ಹೋದ ಮೇಲೆ ರಾಗಿಹುಲ್ಲೂ ಹೋಯಿತು, ಕಳೆ ತೆಗೆಯುವ ಕೂಲಿಯೂ ಹೋಯಿತು. 1983ರಲ್ಲಿ ನಮ್ಮ ಜಿಲ್ಲೆಯಲ್ಲೇ ರೈತಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗಕ್ಕೆ ಹುಣಸೆ, ಮಾವಿನ ಬೀಜ ಹಾಕಿದರು. ಧಾರವಾಡದ ಕಡೆ ಇನ್ನೊಂದು ರೂಪ. ಮರದಿಂದ ತಿರುಳು ಮಾಡುವ ಹರಿಹರದ ಕಾರ್ಖಾನೆಯೂ ಸರ್ಕಾರವೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಂಪನಿ ಮಾಡಿದವು. ಮೂವತ್ತು ಸಾವಿರ ಹೆಕ್ಟೇರ್ ಊರೊಟ್ಟಿನ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಲೆಕ್ಕಾಚಾರ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ಜೊತೆಗಾರರು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತು, ಹಣ್ಣಿನ, ಮೇವಿನ ಗಿಡ ಹಚ್ಚುವುದು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡಬೇಡಿ ಅಂದಿತು. ನಮ್ಮ ಜಿಲ್ಲೆಯಲ್ಲಿ ಸಸಿ ಕಿತ್ತು ಅಲ್ಲಿಗೆ ಮೂವತ್ತನಾಲ್ಕು ವರ್ಷ.

ನೀಲಗಿರಿ ನೀರು ಕುಡಿಯುತ್ತಾ ಇಲ್ಲವಾ ಅಂತ ನಾವು ಎಷ್ಟು ವಾದ ಮಾಡಿದೆವು! ನಮ್ಮ ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಪ್ರತಿ ವರ್ಷ ಅದೇ ವಿಷಯ. ಮರದ ಗುಣದೋಷದ ಮಾತೇ ಮಾತು. ಅದರ ಕೆಳಗೆ ಬಿದ್ದದ್ದು ಯಾರಿಗೆ ಸೇರುತ್ತದೆ ಅಂತ ಒಬ್ಬ ಹುಡುಗನೂ ಮಾತಾಡಿದ ನೆನಪಿಲ್ಲ, ಬಹುಮಾನ ಗೆದ್ದ ನಾನೂ ಸೇರಿ. ಹುಣಸೆ ನೆಟ್ಟು ಅದನ್ನೂ ಹರಾಜು ಹಾಕಿದರೆ ಏನು ಮಾಡುತ್ತೀರಿ?

ಮುಂಚೆ ಊರಿಗೊಂದು ಗುಂಡುತೋಪು ಅಂತ ಇರುತ್ತಿತ್ತು. ಮಾವು, ಹುಣಸೆ, ಹೊಂಗೆ, ನೇರಳೆ. ಅದನ್ನು ಯಾರೂ ಸಾಮಾಜಿಕ ಅರಣ್ಯ ಅಂತ ಕರೆಯಲಿಲ್ಲ. ಹಣ್ಣಿನ ಹರಾಜು ಪಂಚಾಯ್ತಿಯದ್ದು, ನೆರಳು ದಾರಿಹೋಕರದ್ದು, ಉದುರಿದ್ದು ಬಗ್ಗಿದವರದ್ದು. ನಮ್ಮೂರಲ್ಲಿ ಈಗ ಆ ಜಾಗದಲ್ಲಿ ಸಮುದಾಯ ಭವನ ಇದೆ. ಮದುವೆಗೆ ಚೆನ್ನಾಗಿದೆ.

ಒಲೆಯ ಬಾಯಿ

ಇಂಜಿನಿಯರುಗಳು ಒಲೆಯನ್ನೇ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಅಂತ ಶುರು ಮಾಡಿದ್ದು ಇದಕ್ಕೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರು ಎಷ್ಟು ಉರಿಸುತ್ತಾರೆ, ಎಲ್ಲಿಂದ ತರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ಬರೆದರು. ಪುರ ಅನ್ನುವ ಊರಿನ ಲೆಕ್ಕದಲ್ಲಿ ಕಂಡದ್ದು: ಊರು ಬಳಸುವ ಶಕ್ತಿಯಲ್ಲಿ ಸಿಂಹಪಾಲು ಅಡುಗೆಯ ಸೌದೆ, ಆ ಸೌದೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ದುಡ್ಡಿಲ್ಲದೆ ಮನೆಯವರೇ ಆಯ್ದು ತಂದದ್ದು. ಹಳ್ಳಿಯವರು ಕಾಡು ಕಡಿದು ಉರಿಸುತ್ತಾರೆ ಅನ್ನುವ ಮಾತು ಅಲ್ಲಿಗೇ ಬಿದ್ದುಹೋಗಬೇಕಿತ್ತು.

ಅವರೇ ರೂಪಿಸಿದ ಅಸ್ತ್ರ ಒಲೆ ನಮ್ಮ ಮನೆಗೂ ಬಂತು. ಮೂರು ಪಾತ್ರೆ ಇಡುವಂಥದ್ದು, ಹೊಗೆ ಹೋಗಲು ಕೊಳವೆ, ಸೌದೆ ಹಾಕಲು ಚಿಕ್ಕ ಬಾಯಿ. ಮಾಮೂಲಿ ಒಲೆಯಲ್ಲಿ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಮುಟ್ಟಿದರೆ ಹೆಚ್ಚು. ಇದರಲ್ಲಿ ಸರಿಯಾಗಿ ಉರಿಸಿದರೆ ಮೂರು ಪಾಲಿನ ಮೇಲೆ. ನನ್ನ ಅಜ್ಜಿ ಮೊದಲ ವಾರ ಕುಣಿದಾಡಿದಳು. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಗೋಡೆ ಕಪ್ಪಾಗಲ್ಲ, ಮೂರನೇ ಪಾತ್ರೆಯಲ್ಲಿ ಯಾವಾಗಲೂ ಬಿಸಿನೀರು. ಎರಡನೇ ವಾರ ಒಂದು ಬೆಳಗ್ಗೆ ಎದ್ದು ನೋಡಿದರೆ ಅವಳು ಹಾರೆ ಹಿಡಿದು ಒಲೆಯ ಬಾಯಿಯನ್ನು ಅಗಲ ಮಾಡುತ್ತಿದ್ದಾಳೆ! ಆ ಚಿಕ್ಕ ಬಾಯಿಗೆ ಸೌದೆಯನ್ನು ಗೇಣುದ್ದ ಸೀಳಿ ಹಾಕಬೇಕು. ಸೀಳಲು ಗಂಡಸು ಬೇಕು, ಕೊಡಲಿ ಬೇಕು, ಹೊತ್ತು ಬೇಕು. ಅವಳಲ್ಲಿ ಇದ್ದದ್ದು ಮಾರುದ್ದದ ತೆಂಗಿನ ಮಟ್ಟೆ. ಒಂದು ತುದಿ ಒಲೆಗೆ ಕೊಟ್ಟು, ಉರಿದ ಹಾಗೆ ಒಳಗೆ ತಳ್ಳುತ್ತಾ, ನಡುವೆ ಸೊಪ್ಪು ಸೋಸುವುದು ಅವಳ ಲೆಕ್ಕ.

ಬಾಯಿ ಅಗಲ ಆದ ಮೇಲೆ ಆ ಮೂರು ಪಾಲು ಮತ್ತೆ ಒಂದಕ್ಕೆ ಇಳಿದಿರಬೇಕು. ಬಹಳ ದಿನ ನಾನು ಇದನ್ನು ಅಜ್ಜಿಯ ಹಳೇ ಕಾಲದ ಬುದ್ಧಿ ಅಂತ ಗೆಳೆಯರಿಗೆ ತಮಾಷೆಯಾಗಿ ಹೇಳುತ್ತಿದ್ದೆ. ಈಗ ಹೇಳಲ್ಲ. ಒಲೆ ಉಳಿಸಿದ್ದು ಸೌದೆಯನ್ನು, ಬೇಡಿದ್ದು ಅಜ್ಜಿಯ ಹೊತ್ತನ್ನು. ಯಾವುದು ತನಗೆ ದುಬಾರಿ ಅಂತ ಅವಳಿಗೆ ಗೊತ್ತಿತ್ತು. ಇದೇ ಒಲೆ ಕಾಲೊನಿಯಲ್ಲಿ ಇನ್ನೊಂದು ಥರ ಬಾಳಿರಬಹುದು. ಅಲ್ಲಿ ಪುಳ್ಳೆ ಕಮ್ಮಿ, ಉರಿಸುವುದೂ ಗೇಣುದ್ದದ್ದನ್ನೇ. ತೋಟವಿದ್ದ ಮನೆಗೆ ಮೊದಲು ಬಂದ ಒಲೆ ತೋಟವಿಲ್ಲದ ಮನೆಗೆ ಮೊದಲು ಹೋಗಬೇಕಿತ್ತು.

ಮರದಿಂದ ಕರೆಂಟು

ಕುಣಿಗಲ್ ತಾಲ್ಲೂಕಿನದೇ ಹೊಸಹಳ್ಳಿ. ಮೂವತ್ತೈದು ಮನೆಯ ಊರು, ಕರೆಂಟ್ ಇರಲಿಲ್ಲ. ಅದೇ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ ಗ್ಯಾಸಿಫೈಯರ್ ಕೂರಿಸಿದರು. ಕಟ್ಟಿಗೆಯನ್ನು ಪೂರ್ತಿ ಉರಿಯಲು ಬಿಡದೆ, ಕಮ್ಮಿ ಗಾಳಿಯಲ್ಲಿ ಬೇಯಿಸಿದರೆ ಅದು ಅನಿಲ ಆಗುತ್ತದೆ. ಅದನ್ನು ತಣಿಸಿ, ಸೋಸಿ ಇಂಜಿನ್ನಿಗೆ ಕೊಟ್ಟರೆ ಡೀಸೆಲ್‌ನಲ್ಲಿ ಮುಕ್ಕಾಲುಪಾಲು ಉಳಿಯುತ್ತದೆ. ಊರ ಪಕ್ಕದಲ್ಲೇ ಅದಕ್ಕೆಂದು ಮರ ಬೆಳೆಸಿದರು. ದೀಪ, ನಲ್ಲಿ ನೀರು, ಹಿಟ್ಟಿನ ಗಿರಣಿ, ಆಮೇಲೆ ಹೊಲಕ್ಕೆ ನೀರು. ಹತ್ತು ವರ್ಷದ ಮೇಲೆ ನಡೆಯಿತು, ಸಣ್ಣ ಮಾತಲ್ಲ. ಅವರ ಲೆಕ್ಕದಲ್ಲಿ ನನಗೆ ಹಿಡಿಸಿದ್ದು ಒಂದು ಅಂಕಿ. 20 ಕಿಲೋವಾಟ್ ಯಂತ್ರವನ್ನು 5 ಕಿಲೋವಾಟ್ ಹೊರೆಗೆ ಓಡಿಸಿದರೆ ಯೂನಿಟ್ಟಿಗೆ 5 ರೂಪಾಯಿ 85 ಪೈಸೆ ಖರ್ಚು, ಪೂರ್ತಿ ಹೊರೆಗೆ ಓಡಿಸಿದರೆ 3 ರೂಪಾಯಿ 34 ಪೈಸೆ. ಅಂದರೆ ದೀಪ ಒಂದೇ ಹಚ್ಚುವ ಬಡ ಊರಿಗೆ ಅದು ದುಬಾರಿ, ಗಿರಣಿ, ಪಂಪು ಇರುವ ಊರಿಗೆ ಅಗ್ಗ.

ಆ ಯಶಸ್ಸು ನೋಡಿ ನಮ್ಮ ಜಿಲ್ಲೆಯಲ್ಲೇ ದೊಡ್ಡದು ಮಾಡಿದರು. ವಿಶ್ವಸಂಸ್ಥೆಯ ನೆರವಿನ ಯೋಜನೆ. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್ ಘಟಕ 2007ರಲ್ಲಿ ಶುರುವಾಯಿತು, ಕರೆಂಟ್ ಗ್ರಿಡ್ಡಿಗೆ. ಇಲ್ಲಿ ಒಂದು ಮನೆಗಣಿತ ಮಾಡೋಣ. ಒಂದು ಯೂನಿಟ್ಟಿಗೆ ಒಂದೂಕಾಲು ಕೆಜಿ ಚಿಲ್ಲರೆ ಒಣ ಕಟ್ಟಿಗೆ ಬೇಕು. 500 ಕಿಲೋವಾಟ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಹದಿನೈದು ಟನ್. ಒಬ್ಬ ಹೆಂಗಸು ತಲೆ ಮೇಲೆ ಇಪ್ಪತ್ತು ಕೆಜಿ ಹೊರುತ್ತಾಳೆ ಅಂದರೆ ಏಳುನೂರೈವತ್ತು ಹೊರೆ. ಪ್ರತಿ ದಿನ. ಬರಗಾಲದ ತಾಲ್ಲೂಕಿನಲ್ಲಿ.

ಅಂಥ ಒಂದು ಶೆಡ್ಡನ್ನು, ಇದಲ್ಲ, ಬೇರೊಂದು ಚಿಕ್ಕದ್ದನ್ನು, ಹಿಂದೊಮ್ಮೆ ಗೆಳೆಯನ ಜೊತೆ ನೋಡಲು ಹೋಗಿದ್ದೆ. ಯಂತ್ರ ನಿಂತಿತ್ತು. ಕೆಟ್ಟಿರಲಿಲ್ಲ. ಆಪರೇಟರ್ ಹುಡುಗ ಹೊದಿಕೆ ಸರಿಸಿ, ಮಗುವನ್ನು ತೋರಿಸುವ ಹಾಗೆ ತೋರಿಸಿದ. ಕಟ್ಟಿಗೆಯನ್ನು ಬೆರಳುದ್ದಕ್ಕೆ ಕೊಯ್ಯಬೇಕು, ತೇವ ಇದ್ದರೆ ಡಾಂಬರಿನಂಥ ಜಿಗಟು ಬಂದು ಫಿಲ್ಟರ್ ಕಟ್ಟುತ್ತೆ, ಮಳೆಗಾಲದಲ್ಲಿ ಒಣಗಿಸೋದೇ ದೊಡ್ಡ ಕೆಲಸ ಅಂದ. ಮತ್ಯಾಕೆ ನಿಂತಿದೆ ಅಂದರೆ, "ಸೌದೆ ಮಾರೋರು ಇಟ್ಟಿಗೆ ಗೂಡಿಗೆ ಕೊಡ್ತಾರೆ ಸಾರ್, ಅಲ್ಲಿ ರೇಟು ಜಾಸ್ತಿ" ಅಂದ. ಇಷ್ಟೇ. ನನ್ನ ಗೆಳೆಯ ತಂದಿದ್ದ ಪ್ರಶ್ನೆಪಟ್ಟಿಯಲ್ಲಿ ಇಟ್ಟಿಗೆ ಗೂಡು ಇರಲಿಲ್ಲ.

ಪುರದಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಮಾಡಿದಾಗಲೂ ಮೊದಲ ಆಸೆ ಅಡುಗೆಯೇ ಆಗಿತ್ತು. ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ಕೊನೆಗೆ 1987ರಿಂದ ಅದೇ ಅನಿಲದಲ್ಲಿ ಇಂಜಿನ್ ಓಡಿಸಿ ದೀಪ, ಕುಡಿಯುವ ನೀರು ಕೊಟ್ಟರು, ಊರಿಗೆ ಅದು ಬೇಕಾಗಿಯೂ ಇತ್ತು. ಒಲೆ ಮಾತ್ರ ಇದ್ದಲ್ಲೇ ಉಳಿಯಿತು. ಈಗ ಕರೆಂಟ್ ಎಲ್ಲ ಮನೆಗೂ ಬಂದಿದೆ, ಗೃಹಜ್ಯೋತಿಯಲ್ಲಿ ಬಿಲ್ಲೂ ಇಲ್ಲ. ಕಾಲೊನಿಯ ಅಜ್ಜಿಯ ಮನೆಯಲ್ಲಿ ಉಜ್ವಲದ ಸಿಲಿಂಡರೂ ಇದೆ. ಅದರ ಮೇಲೆ ಒಂದು ಕಸೂತಿ ಬಟ್ಟೆ, ಅದರ ಮೇಲೆ ಟಿವಿ ರಿಮೋಟು. ಮೊಮ್ಮಕ್ಕಳು ಬಂದಾಗ ಟೀ ಕಾಯಿಸಲು ಹಚ್ಚುತ್ತಾರಂತೆ. ಮುದ್ದೆ, ಸಾರು, ಸ್ನಾನದ ನೀರು ಹಿತ್ತಲ ಒಲೆಯಲ್ಲಿ. ನಮ್ಮ ಮನೆಯಲ್ಲೂ ಹಂಡೆ ಒಲೆ ಇನ್ನೂ ಉರಿಯುತ್ತದೆ, ನಮಗೆ ಅದು ರುಚಿ. ಅವರಿಗೆ ಸಿಲಿಂಡರಿನ ದುಡ್ಡು.

ತ್ಯಾಜ್ಯ ಅನ್ನುವ ಮಾತು

ಮಂಡ್ಯದ ಮಳವಳ್ಳಿಯಲ್ಲಿ 4.5 ಮೆಗಾವಾಟ್ ಘಟಕ ಬಂದಾಗ ಅದರ ಮೇವು ಕಬ್ಬಿನ ಸೋಗೆ, ತೆಂಗಿನ ಗರಿ. ಗದ್ದೆಯಲ್ಲಿ ಸುಮ್ನೆ ಸುಡುತ್ತಿದ್ದ ಸೋಗೆಗೆ ಬೆಲೆ ಬಂತು, ಒಳ್ಳೆಯದೇ. ಇಂಥ ಯೋಜನೆಗಳ ಕಾಗದದಲ್ಲೆಲ್ಲ ಒಂದು ಪದ ಇರುತ್ತದೆ, ಕೃಷಿ ತ್ಯಾಜ್ಯ. ಹೆಚ್ಚುವರಿ ಇಷ್ಟು ಟನ್, ಲಭ್ಯ ಇಷ್ಟು ಟನ್. ನನ್ನ ವಿಡಿಯೊ ಗುರುಗಳೂ ಅದೇ ಗರಿಯನ್ನು ನೋಡಿ, ತ್ಯಾಜ್ಯ ಅಲ್ಲ ಇದು, ಮಣ್ಣಿನ ಅನ್ನ ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಆದರೆ ಇಬ್ಬರ ಕಣ್ಣಿಗೂ ಗರಿ ನೆಲದ ಮೇಲೆ ಒಡೆಯನಿಲ್ಲದೆ ಬಿದ್ದಿದೆ. ನನ್ನ ಕಣ್ಣಿಗೂ ಹಾಗೇ ಬಿದ್ದಿತ್ತು. ಪುಳ್ಳೆಗೆ ಒಡೆಯ ಇಲ್ಲ ಅಂದರೆ ಹಕ್ಕುದಾರರು ಇಲ್ಲ ಅಂತಲ್ಲ. ಆ ಹಕ್ಕು ಪಹಣಿಯಲ್ಲಿ ಬರೆದಿರುವುದಿಲ್ಲ ಅಷ್ಟೆ.

ಬದುವಿಗೆ ಗೊಬ್ಬರದ ಗಿಡ ನೆಟ್ಟಿದ್ದೇನೆ, ಗ್ಲಿರಿಸಿಡಿಯಾ. ಸೊಪ್ಪು ಮಣ್ಣಿಗೆ, ಕಡ್ಡಿ ಒಲೆಗೆ ಅನ್ನುವುದು ಲೆಕ್ಕ. ಜೊತೆಗೆ ನಾಲ್ಕು ಹೊಂಗೆ. ಕೈಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಎಪ್ಪತ್ತು ದಾಟಿದವರಿಗೆ ಮೂರ್ನಾಲ್ಕು ವರ್ಷ ಕಾಯಿರಿ ಅಂತ ಹೇಗೆ ಹೇಳುವುದು? ಹೇಳಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ತೋಟಕ್ಕೆ ಹೋಗಿ ಹಾಸನ್ನು ಕೆದಕಿ ನೋಡಿದೆ. ಕೆಳಗೆ ಮಣ್ಣು ತಂಪಾಗಿತ್ತು, ಒಂದೆರಡು ಎರೆಹುಳು ಕೂಡ ಕಂಡವು. ಎಲೆಯ ಭಾಗವೆಲ್ಲ ಇದ್ದ ಹಾಗೇ ಇತ್ತು. ಮಟ್ಟೆ ಮಾತ್ರ ಒಂದೂ ಇರಲಿಲ್ಲ. ತೊಂಬತ್ತು ಮರದ ಮಟ್ಟೆ. ಅಮ್ಮನನ್ನು ಕೇಳಿದೆ. ಅವಳು ಒಬ್ಬಟ್ಟಿಗೆ ಕಣಕ ನಾದುತ್ತಿದ್ದಳು, ತಲೆ ಎತ್ತಲಿಲ್ಲ.

"ಗೆದ್ದಲು ತಿಂದಿರ್ಬೇಕು" ಅಂದಳು.

"ಎರಡು ತಿಂಗಳಲ್ಲಿ?"

"ಹೂಂ" ಅಂದಳು.